ಮರದ ನೆಲಕ್ಕೆ ಯಾವ ಪಾಲಿಶ್? ಓಡಾಟ ಜಾಸ್ತಿ ಇರುವ ಮನೆಯವರು ನೋಡಬೇಕಾದ್ದು

ಪೇಂಟ್ ಅಂಗಡಿಯಲ್ಲಿ ಮೊದಲು ಬರುವ ಪ್ರಶ್ನೆ ‘ಗ್ಲಾಸೀನಾ, ಮ್ಯಾಟಾ?’ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮಕ್ಕಳು ಓಡುವ, ನಾಯಿ ಉಗುರೂರಿ ತಿರುಗುವ, ದಿನಕ್ಕೊಮ್ಮೆ ಒದ್ದೆ ಬಟ್ಟೆ ಬೀಳುವ ಮನೆಯಲ್ಲಿ ಯಾವ ಲೇಪವೂ ಸವೆಯದೆ ಉಳಿಯುವುದಿಲ್ಲ. ಸವೆದ ಮೇಲೆ ಅದನ್ನು ಸರಿ ಮಾಡುವುದು ಹೇಗೆ, ಎಷ್ಟು ದಿನ ಕೋಣೆ ಖಾಲಿ ಬಿಡಬೇಕು, ಇಡೀ ನೆಲ ಉಜ್ಜಬೇಕೋ ಇಲ್ಲ ಎರಡು ಹಲಗೆ ಸಾಕೋ ಎಂಬುದನ್ನು ಈಗಲೇ ಯೋಚಿಸಿದವರು ಮುಂದೆ ಪೇಚಾಡುವುದಿಲ್ಲ. ಈ ಬರಹದ ಆಯ್ಕೆಗಳೆಲ್ಲ ಆ ಲೆಕ್ಕದ ಮೇಲೇ ನಿಂತಿವೆ.

ಮೊದಲು: ಕಾಲ ಕೆಳಗಿರುವುದು ನಿಜವಾದ ಮರವೇ?

‘ವುಡನ್ ಫ್ಲೋರಿಂಗ್’ ಎಂಬ ಒಂದೇ ಹೆಸರಲ್ಲಿ ಮೂರು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಬಾಗಿಲ ಹೊಸ್ತಿಲ ಹತ್ತಿರದ ಪಟ್ಟಿ ತೆಗೆದು ಹಲಗೆಯ ಅಂಚನ್ನು ಟಾರ್ಚ್ ಹಿಡಿದು ನೋಡಿ. ನೆಲ ಹಾಕಿದವರು ಬಿಟ್ಟುಹೋದ ತುಂಡು ಮನೆಯಲ್ಲಿದ್ದರೆ ಇನ್ನೂ ಸುಲಭ.

ಮೇಲೆ ಕಾಗದದಷ್ಟು ತೆಳು ಚಿತ್ರ, ಅದರ ಕೆಳಗೆ ಕಂದು ಪುಡಿ ಒತ್ತಿದಂಥ ಹಲಗೆ ಕಂಡರೆ ಅದು ಲ್ಯಾಮಿನೇಟ್. ಅದರಲ್ಲಿ ಪಾಲಿಶ್ ಹಿಡಿಯಲು ಮರವೇ ಇಲ್ಲ. ಹಾಳಾದ ಹಲಗೆ ಬದಲಾಯಿಸುವುದೊಂದೇ ದಾರಿ, ಮುಂದೆ ಓದಬೇಕಿಲ್ಲ.

ಮೇಲೊಂದು ಪದರ ಅಸಲಿ ಮರ, ಕೆಳಗೆ ಪ್ಲೈವುಡ್ ಇದ್ದರೆ ಎಂಜಿನಿಯರ್ಡ್ ವುಡ್. ಇಲ್ಲಿ ಮೇಲಿನ ಪದರದ ದಪ್ಪವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಒಂದು ಸಲ ಪೂರ್ತಿ ಉಜ್ಜಿದರೆ ಅರ್ಧದಿಂದ ಒಂದು ಮಿಲಿಮೀಟರ್ ಮರ ಹೋಗುತ್ತದೆ. ಪದರ 0.6 ಮಿ.ಮೀ. ಇದ್ದರೆ ಯಂತ್ರ ತಾಗಿಸಲೇಬೇಡಿ. 2 ಮಿ.ಮೀ. ಇದ್ದರೆ ನುರಿತ ಕೈಯಲ್ಲಿ ಒಂದು ಸಲ. 4 ಮಿ.ಮೀ. ಇದ್ದರೆ ಎರಡು ಮೂರು ಸಲ ಧೈರ್ಯವಾಗಿ ಉಜ್ಜಬಹುದು. ತೆಳು ಪದರದವರು ಇಡೀ ನೆಲ ಉಜ್ಜುವ ಪ್ರಮೇಯವೇ ಬರದಂಥ ಲೇಪ ಆರಿಸಿಕೊಳ್ಳಬೇಕು.

ಮೂರನೆಯದು ಪೂರ್ತಿ ಮರದ ಹಲಗೆ. ತೇಗ, ಮತ್ತಿ, ಹೊನ್ನೆ, ಹಲಸು, ಮಲೆನಾಡಿನ ಹಳೇ ಮನೆಯ ಉಪ್ಪರಿಗೆಯಲ್ಲಿ ಕೆಲವೊಮ್ಮೆ ಬೀಟೆ. ಅಮೆರಿಕದ ಮನೆಗಳಲ್ಲಿರುವ ನಮ್ಮವರ ಕಾಲ ಕೆಳಗಿರುವುದು ಬಹುಮಟ್ಟಿಗೆ ಓಕ್.

ಎರಡನೆಯದು: ಅದರ ಮೇಲೆ ಈಗಾಗಲೇ ಏನಿದೆ?

ಮಂಚದ ಕೆಳಗಿನಂಥ ಕಾಣದ ಜಾಗದಲ್ಲಿ ಮೂರು ಪರೀಕ್ಷೆ ಮಾಡಿ.

ಒಂದು ಹನಿ ನೀರು ಬಿಟ್ಟು ಹತ್ತು ನಿಮಿಷ ಕಾಯಿರಿ. ಮುತ್ತಿನ ಹಾಗೆ ನಿಂತಿದ್ದರೆ ಲೇಪ ಇನ್ನೂ ಜೀವಂತವಾಗಿದೆ. ಮರ ಕಪ್ಪಾಗಿ ನೀರು ಕುಡಿದಿದ್ದರೆ ಸವೆದುಹೋಗಿದೆ.

ಇನ್ನೊಂದು ಕಡೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಒಂದು ನಿಮಿಷ ಇಡಿ. ಅಂಟಂಟಾದರೆ ಅದು ಅರಗಿನ ಪಾಲಿಶ್, ಅಂದರೆ ನಮ್ಮ ಮೇಸ್ತ್ರಿಗಳು ಫ್ರೆಂಚ್ ಪಾಲಿಶ್ ಅನ್ನುವುದು.

ಮೂರನೇ ಕಡೆ ಟರ್ಪೆಂಟೈನ್ ಹಚ್ಚಿದ ಬಿಳಿ ಬಟ್ಟೆಯಿಂದ ಉಜ್ಜಿ. ಬಟ್ಟೆಗೆ ಹಳದಿ ಮಿಶ್ರಿತ ಜಿಡ್ಡು ಬಂದರೆ ಮೇಣವಿದೆ. ಈ ಮೂರನೆಯದನ್ನು ಯಾರೂ ಮಾಡುವುದಿಲ್ಲ, ಆದರೆ ಅತಿ ಹೆಚ್ಚು ಕೆಲಸ ಕೆಡುವುದು ಇದರಿಂದಲೇ. ಮೇಣವಾಗಲಿ, ಪೀಠೋಪಕರಣಕ್ಕೆ ಹೊಡೆಯುವ ಸ್ಪ್ರೇಯಲ್ಲಿನ ಸಿಲಿಕೋನ್ ಆಗಲಿ ಉಳಿದಿದ್ದರೆ ಹೊಸ ಪಿಯು (ಪಾಲಿಯುರೆಥೇನ್ ಲೇಪ) ಅದರ ಮೇಲೆ ಕೂರುವುದಿಲ್ಲ. ಮೀನಿನ ಕಣ್ಣಿನಂಥ ಗುಂಡಿ ಬೀಳುತ್ತದೆ, ಇಲ್ಲವೆ ಆರು ತಿಂಗಳಿಗೆ ಹಾಳೆಹಾಳೆಯಾಗಿ ಏಳುತ್ತದೆ.

ಮೂರನೆಯದು: ನೆಲ ಎಲ್ಲಿ ಸಾಯುತ್ತಿದೆ ನೋಡಿ

ಬೆಳಿಗ್ಗೆ ಕಿಟಕಿ ಬೆಳಕು ಓರೆಯಾಗಿ ಬೀಳುವಾಗ ಚಾಪೆ ಹಾಸಿ ಮಲಗಿ, ನೆಲದ ಮಟ್ಟಕ್ಕೆ ಕಣ್ಣಿಟ್ಟು ನೋಡಿ. ಊಟದ ಮೇಜಿನ ಕೆಳಗೆ ಕುರ್ಚಿ ಎಳೆದ ಕಮಾನು ಗೆರೆಗಳು ಕಾಣುತ್ತವೆ. ಅಡುಗೆಮನೆ ಬಾಗಿಲಿಗೆ ತಾಗಿದ ಎರಡು ಹಲಗೆ ಮಾತ್ರ ಬೂದಿ ಬಣ್ಣಕ್ಕೆ ತಿರುಗಿರುತ್ತವೆ. ಅಲ್ಲಿ ನಡೆದಿರುವುದು ಇಷ್ಟು: ಚಪ್ಪಲಿಯಿಂದ ಬಂದ ಮರಳಿನ ಕಣ ಲೇಪದಲ್ಲಿ ಕೂದಲೆಳೆಯಷ್ಟು ಗೀರು ಹಾಕಿತು. ಒರೆಸುವ ಬಟ್ಟೆಯ ನೀರು ಗೀರಿನಿಂದ, ಹಲಗೆಯ ಸಂದಿನಿಂದ ಒಳಗಿಳಿಯಿತು. ಹಲಗೆಯ ಅಂಚು ಉಬ್ಬಿತು. ಉಬ್ಬಿದ ಅಂಚಿನ ಮೇಲೆ ಲೇಪ ಬಿರುಕುಬಿಟ್ಟಿತು. ಆಮೇಲೆ ದಿನಾ ನೀರು, ದಿನಾ ಕೊಳೆ. ನೆಲವನ್ನು ಕೊಲ್ಲುವುದು ಮರಳು ಮತ್ತು ನೀರಿನ ಈ ಜೋಡಿ. ನಾಯಿಯ ಉಗುರಿಗೆ ಸುಮ್ಮನೆ ಕೆಟ್ಟ ಹೆಸರು.

ಈಗ ನಿಮ್ಮನ್ನೇ ಕೇಳಿಕೊಳ್ಳಿ. ನೆಲ ಒರೆಸುವವರು ಬಟ್ಟೆಯನ್ನು ಬಿಗಿಯಾಗಿ ಹಿಂಡುತ್ತಾರೆಯೇ, ಅಥವಾ ಬಕೆಟ್‌ನಿಂದ ತೆಗೆದು ಹಾಗೇ ಎಳೆಯುತ್ತಾರೆಯೇ? ನೀವು ಹೇಳಿದರೆ ಬದಲಾಗುವ ಅಭ್ಯಾಸವೇ ಅದು? ಬದಲಾಗದು ಅನ್ನಿಸಿದರೆ ಕೆಳಗೆ ಹೇಳುವ ಎಣ್ಣೆ-ಮೇಣದ ಲೇಪವನ್ನು, ಅಂದರೆ ಹಾರ್ಡ್‌ವ್ಯಾಕ್ಸ್ ಆಯಿಲನ್ನು, ಈಗಲೇ ಪಟ್ಟಿಯಿಂದ ತೆಗೆದುಬಿಡಿ.

ನಾಲ್ಕನೆಯದು: ಆಯ್ಕೆ

*ನೀರಿನ ಆಧಾರದ ಪಿಯು.* ಹೆಚ್ಚಿನ ಮನೆಗಳಿಗೆ ನಮ್ಮ ಮೊದಲ ಶಿಫಾರಸು ಇದು. ಅದರಲ್ಲೂ ಹಾರ್ಡ್ನರ್ (ಲೇಪ ಗಟ್ಟಿಯಾಗಿಸುವ ದ್ರವ) ಬೆರೆಸಿ ಬಳಿಯುವ ಎರಡು ಡಬ್ಬದ ಬಗೆ. ವಾಸನೆ ಕಡಿಮೆ, ಎರಡರಿಂದ ನಾಲ್ಕು ಗಂಟೆಯಲ್ಲಿ ಮುಂದಿನ ಕೋಟ್, ಮಾರನೇ ದಿನ ಬರಿಗಾಲಲ್ಲಿ ಓಡಾಟ. ಬಣ್ಣ ಹೆಚ್ಚು ಬದಲಾಗದು. ಪದರ ತೆಳುವಾದ್ದರಿಂದ ಮೂರು ಕೋಟ್ ಬೇಕೇ ಬೇಕು, ಹಜಾರಕ್ಕೆ ನಾಲ್ಕು. ಎರಡಕ್ಕೇ ನಿಲ್ಲಿಸುವುದು ಇಲ್ಲಿನ ಮಾಮೂಲಿ ಮೋಸ. ರಿಪೇರಿಯ ವಿಷಯಕ್ಕೆ ಬಂದರೆ, ಒಂದು ಹಲಗೆಗೆ ಮಾತ್ರ ಬಳಿದರೆ ಅಂಚು ಎದ್ದು ಕಾಣುತ್ತದೆ. ಆದರೆ ಮರ ಕಾಣುವ ಮೊದಲೇ ಎಚ್ಚೆತ್ತರೆ ಇಡೀ ಕೋಣೆಯನ್ನು ಹಗುರವಾಗಿ ಉಜ್ಜಿ ಮೇಲೊಂದು ಕೋಟ್ ಕೊಡುವುದು ಒಂದು ದಿನದ ಕೆಲಸ.

*ಥಿನ್ನರ್ ಬೆರೆಯುವ, ಎಣ್ಣೆ ಆಧಾರದ ಪಿಯು.* ದಪ್ಪನೆಯ ಪದರ, ಜೇನಿನಂಥ ಬಣ್ಣ. ತೇಗದ ಮೇಲೆ ಇದರಷ್ಟು ಚೆಲುವು ಬೇರೆಯದಕ್ಕಿಲ್ಲ ಎನ್ನುವವರಿದ್ದಾರೆ, ತಪ್ಪಲ್ಲ. ಕೋಟಿನಿಂದ ಕೋಟಿಗೆ 8ರಿಂದ 24 ಗಂಟೆ ಬೇಕು. ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ತಿಂಗಳು. ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ, ರತ್ನಗಂಬಳಿಯ ಕೆಳಗೆ ಮಾತ್ರ ಬೇರೆ ಬಣ್ಣ ಉಳಿಯುತ್ತದೆ. ಕೂಸು, ಉಬ್ಬಸದವರು ಇರುವ ಮನೆಯಲ್ಲಿ ವಾರಗಟ್ಟಲೆ ಆ ವಾಸನೆ ತಡೆಯಲಾಗದು.

*ಹಾರ್ಡ್‌ವ್ಯಾಕ್ಸ್ ಆಯಿಲ್.* ಎಣ್ಣೆ ಮತ್ತು ಗಟ್ಟಿ ಮೇಣದ ಮಿಶ್ರಣ. ಮರದೊಳಗೆ ಇಳಿಯುತ್ತದೆ, ಮೇಲೆ ದಪ್ಪ ಹಾಳೆ ಕಟ್ಟುವುದಿಲ್ಲ, ಕಾಲಿಗೆ ಮರವೇ ತಾಗಿದ ಅನುಭವ. ಇದರ ದೊಡ್ಡ ಗುಣ ತೇಪೆ. ಒಂದೇ ಹಲಗೆಯನ್ನು ಕೈಯಲ್ಲಿ ಉಜ್ಜಿ, ಬಟ್ಟೆಯಲ್ಲಿ ಎಣ್ಣೆ ತಿಕ್ಕಿದರೆ ಸುತ್ತಲಿನದರ ಜೊತೆ ಬೆರೆತುಹೋಗುತ್ತದೆ. ಹಳೇ ಉಪ್ಪರಿಗೆಯ ಹಲಗೆಗಳು ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವಾಗ ಪಿಯು ಹಾಳೆ ಸಂದಿನಲ್ಲಿ ಹರಿಯುತ್ತದೆ, ಇದು ಹರಿಯುವುದಿಲ್ಲ. ಅವಗುಣಗಳೂ ಇವೆ: ನಿಂತ ನೀರು ತಡೆಯದು, ಅರಿಸಿನದ ಕಲೆ ಹಿಡಿಯುತ್ತದೆ, ಫಿನಾಯಿಲ್ ಮತ್ತು ಸೋಪಿನ ಪುಡಿ ಹಾಕಿ ಒರೆಸಿದರೆ ಮೇಣ ಬೇಗ ಹೋಗುತ್ತದೆ, ಓಡಾಟದ ದಾರಿಗೆ ಒಂದೆರಡು ವರ್ಷಕ್ಕೊಮ್ಮೆ ಎಣ್ಣೆ ಬೇಕು.

*ಮೆಲಮೈನ್.* ಪಾಲಿಶ್ ಮೇಸ್ತ್ರಿಗೆ ಕೈ ಕೂತಿರುವುದು ಇದು, ಹಾಗಾಗಿ ನೆಲಕ್ಕೂ ಇದನ್ನೇ ಹೇಳುತ್ತಾರೆ. ಬಾಗಿಲು, ವಾರ್ಡ್‌ರೋಬ್‌ಗೆ ಸರಿಯೇ. ನೆಲಕ್ಕೆ ಬೇಡ. ಪದರ ಗಡುಸು, ಆದರೆ ಬಾಗುವ ಗುಣವಿಲ್ಲ. ಹಲಗೆ ಅಲುಗಿದಾಗ ಕೂದಲೆಳೆ ಬಿರುಕು ಬಿಡುತ್ತದೆ, ಪಾತ್ರೆ ಬಿದ್ದಲ್ಲಿ ಬಿಳಿ ಚುಕ್ಕೆ ಏಳುತ್ತದೆ. ಒಣಗುವಾಗ ಫಾರ್ಮಾಲ್ಡಿಹೈಡ್ ಬಿಡುತ್ತದೆ, ಕಣ್ಣುರಿ ಬರುವುದು ಅದಕ್ಕೇ.

ಅರಗಿನ ಪಾಲಿಶ್‌ಗೆ ಬಿಸಿ ಲೋಟ, ಸ್ಯಾನಿಟೈಸರ್ ಹನಿ ಎರಡೂ ಶತ್ರು, ನೆಲಕ್ಕಲ್ಲ. ಇನ್ನು ಕರಾವಳಿ, ಮಲೆನಾಡಿನಲ್ಲಿ ಜಂತಿ, ತೊಲೆಗೆ ಬಳಿಯುವ ಗೇರೆಣ್ಣೆಯನ್ನು ‘ನೆಲಕ್ಕೂ ಬಳಿದರೆ ಗೆದ್ದಲು ಬರಲ್ಲ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಕಪ್ಪಾಗುತ್ತದೆ, ಬಹುದಿನ ಅಂಟುತ್ತದೆ, ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಅಂಬೆಗಾಲಿಡುವ ಮಗು ಇರುವ ಮನೆ ಅದು.

ಮರದ ಜಾತಿ ಕೊಡುವ ಕಾಟ

ತೇಗ ಮತ್ತು ಬೀಟೆಯಲ್ಲಿರುವ ಸಹಜ ಎಣ್ಣೆ, ರಾಳದಂಥ ಅಂಶಗಳು ಎಣ್ಣೆ ಆಧಾರದ ಪಿಯುವನ್ನು ಒಣಗಲು ಬಿಡುವುದಿಲ್ಲ. ಮೂರು ದಿನವಾದರೂ ಬೆರಳಿಗೆ ಅಂಟುತ್ತಿದ್ದರೆ ಕಾರಣ ಇದು. ಕೊನೇ ಸಲ ಉಜ್ಜಿದ ಮೇಲೆ ಥಿನ್ನರ್ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ, ಅದೇ ದಿನ, ಮೇಣ ತೆಗೆದ ಅರಗಿನ ತೆಳು ಕೋಟನ್ನು ಸೀಲರ್ (ಮರದೊಳಗಿನದು ಮೇಲೆ ಬರದಂತೆ ತಡೆಯುವ ತಳಕೋಟ್) ಆಗಿ ಕೊಡಬೇಕು. ಮರುದಿನಕ್ಕೆ ಬಿಟ್ಟರೆ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ.

ಹೊನ್ನೆ ನೀರಿಗೆ ಬಣ್ಣ ಬಿಡುವ ಮರ. ನೀರಿನ ಆಧಾರದ ಮೊದಲ ಕೋಟ್ ಹಳದಿ-ಕಂದಾಗಿ ಹರಿದಾಡಿದರೆ ಗಾಬರಿ ಬೇಡ, ಅದಕ್ಕೂ ಇದೇ ಸೀಲರ್ ಮದ್ದು. ಹೊಸ ಹಲಸು ಬೆಳಕಿಗೆ ಕಂದಾಗುತ್ತಾ ಹೋಗುತ್ತದೆ, ಅದನ್ನು ಯಾವ ಲೇಪವೂ ಪೂರ್ತಿ ತಡೆಯದು. ತೇಗ, ಮತ್ತಿ, ಓಕ್‌ನಂಥ ಒಗರಿನ ಮರಗಳ ಮೇಲೆ ಕಬ್ಬಿಣದ ಟ್ರಂಕ್ ಒದ್ದೆ ನೆಲದಲ್ಲಿ ಕೂತಿದ್ದರೆ ನೀಲಿಗಪ್ಪು ಕಲೆ ಆಗಿರುತ್ತದೆ. ಲೇಪ ತೆಗೆದ ಬರಿ ಮರಕ್ಕೆ, ಒಂದು ಲೀಟರ್ ಬೆಚ್ಚಗಿನ ನೀರಿಗೆ 60ರಿಂದ 80 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ ಹಚ್ಚಿದರೆ ಹೋಗುತ್ತದೆ. ಅದು ವಿಷ. ಕೈಗವಸು ಹಾಕಿ, ಆಮೇಲೆ ಎರಡು ಸಲ ನೀರಿನ ಬಟ್ಟೆಯಿಂದ ಒರೆಸಿ, ಎರಡು ದಿನ ಆರಲು ಬಿಡಿ. ಒಣಗಿ ಉಳಿದ ಹರಳನ್ನು ಉಜ್ಜಿ ಹಾರಿಸಬೇಡಿ, ಗಂಟಲು ಕೆರೆಯುತ್ತದೆ.

ಹೊಳಪು

ಈಗ ಅಂಗಡಿಯವನ ಪ್ರಶ್ನೆ. ಹೊಳೆಯುವ ನೆಲ ಒಂದೇ ಒಂದು ಗೀರನ್ನೂ ಮುಚ್ಚಿಡುವುದಿಲ್ಲ, ಒದ್ದೆ ಕಾಲಿನ ಗುರುತು ಸಂಜೆವರೆಗೂ ಕಾಣುತ್ತದೆ. ಓಡಾಟದ ಮನೆಗೆ ಸ್ಯಾಟಿನ್ (ನಸುಹೊಳಪು) ಅಥವಾ ಮ್ಯಾಟ್. ಮ್ಯಾಟ್ ಡಬ್ಬದ ತಳದಲ್ಲಿ ಪುಡಿ ಕೂತಿರುತ್ತದೆ, ಬಳಿಯುವ ಮುಂಚೆ ಕಡ್ಡಿಯಿಂದ ತಳ ಕೆರೆದು ಕಲಕದಿದ್ದರೆ ಮೊದಲ ಅರ್ಧ ಕೋಣೆ ಹೊಳೆದು, ಉಳಿದರ್ಧ ಮಂಕಾಗುತ್ತದೆ. ಡಬ್ಬ ಕುಲುಕಬೇಡಿ, ಗುಳ್ಳೆ ಏಳುತ್ತದೆ.

ಎಷ್ಟು ಬೇಕು?

12 x 14 ಅಡಿ ಕೋಣೆ ಎಂದರೆ 168 ಚದರಡಿ. ನೀರಿನ ಪಿಯು ಲೀಟರಿಗೆ ಕೋಟೊಂದಕ್ಕೆ 100ರಿಂದ 120 ಚದರಡಿ ಹೋಗುತ್ತದೆ. ಕೋಟಿಗೆ ಒಂದೂವರೆ ಲೀಟರ್, ಮೂರು ಕೋಟಿಗೆ ನಾಲ್ಕೂವರೆ, ಬರಿ ಮರ ಮೊದಲ ಸಲ ಹೆಚ್ಚು ಕುಡಿಯುವುದರಿಂದ 5 ಲೀಟರ್ ತನ್ನಿ. ಹಾರ್ಡ್‌ವ್ಯಾಕ್ಸ್ ಆಯಿಲ್ ಲೀಟರಿಗೆ 200ರಿಂದ 250 ಚದರಡಿ, ಎರಡು ಕೋಟಿಗೆ ಒಂದೂವರೆಯಿಂದ ಎರಡು ಲೀಟರ್. ಲೀಟರ್ ಬೆಲೆ ನೋಡಿ ದುಬಾರಿ ಎಂದು ವಾಪಸ್ ಇಡುವ ಮುಂಚೆ ಈ ಲೆಕ್ಕ ಮಾಡಿ. ಮೇಸ್ತ್ರಿ ಇದೇ ಕೋಣೆಗೆ ‘ಮೂರು ಕೋಟ್, ಎರಡು ಲೀಟರ್ ಪಿಯು ಸಾಕು’ ಅಂದರೆ ಥಿನ್ನರ್ ಅಥವಾ ನೀರು ಎಷ್ಟು ಸೇರಿಸುತ್ತಾನೆ ಅಂತ ಕೇಳಿ.

ಕೆಲಸದ ಕ್ರಮ

ಕಾಲ ನೋಡಿಕೊಳ್ಳಿ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಬೆಂಗಳೂರಲ್ಲಿ ಮಳೆ ದಿನ ಬಿಟ್ಟು ಯಾವಾಗಲಾದರೂ ಸರಿ, ಆದರೆ ಏಪ್ರಿಲ್ ಮಧ್ಯಾಹ್ನ ನೀರಿನ ಪಿಯು ಬಳಿದಲ್ಲೇ ಆರಿ ಪಟ್ಟೆಪಟ್ಟೆಯಾಗುತ್ತದೆ. ಬೆಳಿಗ್ಗೆ ಆರಕ್ಕೆ ಶುರು ಮಾಡಿ. ನೆಲ ಹಾಕಿದ ಕಾಂಕ್ರೀಟ್ ಒದ್ದೆ ಇದೆಯೆಂಬ ಅನುಮಾನವಿದ್ದರೆ ಲೇಪಕ್ಕಿಂತ ಮೊದಲು ಅದನ್ನು ಸರಿಪಡಿಸಿ. ಕೆಳಗಿನಿಂದ ಬರುವ ತೇವಕ್ಕೆ ಮೇಲಿನ ಪಾಲಿಶ್ ಉತ್ತರವಲ್ಲ.

1. ಎದ್ದ ಮೊಳೆಗಳನ್ನು ಒಳಗಿಳಿಸಿ. 60, 80, 120 ಗ್ರಿಟ್ (ಪಾಲಿಶ್ ಪೇಪರಿನ ನಂಬರ್, ಹೆಚ್ಚಾದಷ್ಟೂ ನಯ) ಹೀಗೆ ಕ್ರಮವಾಗಿ ಉಜ್ಜಿ. ಹಳೇ ಲೇಪ ದಪ್ಪವಿದ್ದರೆ 40ರಿಂದ ಶುರು. 40ರ ಗೀರನ್ನು 120 ಅಳಿಸಲಾರದು, ನಡುವಿನ ಪೇಪರ್ ತಪ್ಪಿಸಿದ್ದು ಕೋಟ್ ಬಿದ್ದ ಮೇಲೆ ಕಾಣುತ್ತದೆ. ಯಂತ್ರ ಮರದ ಎಳೆಯ ದಿಕ್ಕಿನಲ್ಲೇ ಹೋಗಲಿ, ಒಂದೆಡೆ ನಿಲ್ಲಬಾರದು. ಎಣ್ಣೆ ಬಳಿಯುವವರು 120ಕ್ಕೇ ನಿಲ್ಲಿಸಿ. ಇನ್ನೂ ನಯ ಮಾಡಿದರೆ ರಂಧ್ರ ಮುಚ್ಚಿ ಎಣ್ಣೆ ಇಳಿಯದು.

2. ವರ್ಷವಿಡೀ ಒಂದೇ ತೆರನಾಗಿರುವ ಸಂದುಗಳನ್ನು ಮಾತ್ರ ಫಿಲ್ಲರ್‌ನಿಂದ ತುಂಬಿ. ಬೇಸಿಗೆಯಲ್ಲಷ್ಟೇ ಬಾಯಿಬಿಡುವುದನ್ನು ತುಂಬಿದರೆ ಮಳೆಗಾಲದಲ್ಲಿ ಹಲಗೆ ಹಿಗ್ಗಿ ಅದನ್ನು ಹೊರದೂಡುತ್ತದೆ.

3. ವ್ಯಾಕ್ಯೂಮ್ ಮಾಡಿ. ಫ್ಯಾನ್ ರೆಕ್ಕೆ, ಕಿಟಕಿ ಕಂಬಿಯ ಧೂಳನ್ನೂ ತೆಗೆಯಿರಿ, ಅದೇ ಮೊದಲ ಕೋಟಿನ ಮೇಲೆ ಬಂದು ಕೂರುವುದು. ಆಮೇಲೆ ಚೆನ್ನಾಗಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ಒಂದು ಗಂಟೆ ಬಿಡಿ. ಒರೆಸಲಾಗಲಿ, ಮುಂದೆ ಕೋಟುಗಳ ನಡುವೆ ಉಜ್ಜಲಾಗಲಿ ಸ್ಟೀಲ್ ವುಲ್ ಬಳಸಬೇಡಿ. ಉಳಿದ ಚೂರು ನೀರಿನ ಪಿಯುವಿನಲ್ಲಿ ತುಕ್ಕು ಹಿಡಿದು ಚುಕ್ಕೆಯಾಗುತ್ತದೆ.

4. ಹಾರ್ಡ್ನರ್ ಬೆರೆಸುವ ಪ್ರಮಾಣ ಹಲವು ಡಬ್ಬಗಳಲ್ಲಿ 10ಕ್ಕೆ 1. ನಿಮ್ಮ ಡಬ್ಬದ ಮೇಲಿನದ್ದೇ ಕೊನೇ ಮಾತು. ಅಳೆದು ಹಾಕಿ, ಅಂದಾಜು ಬೇಡ. ಒಂದು ಕೋಟಿಗೆ ಬೇಕಾದಷ್ಟೇ ಕಲಸಿ. ಕೆಲವೇ ಗಂಟೆಯಲ್ಲಿ ಅದು ಕೆಲಸಕ್ಕೆ ಬಾರದಾಗುತ್ತದೆ, ನೋಡಲು ತೆಳುವಾಗೇ ಇದ್ದರೂ. ಹಾರ್ಡ್ನರ್‌ನಲ್ಲಿ ಐಸೋಸಯನೇಟ್ ಇರುವುದರಿಂದ ಬಟ್ಟೆಯ ಮಾಸ್ಕ್ ಸಾಲದು, ಸಾವಯವ ಆವಿಗೆ ಹೊಂದುವ ಕಾರ್ಟ್ರಿಜ್ ಮಾಸ್ಕ್ ಬೇಕು. ಉಬ್ಬಸದವರು ಅವತ್ತು ನೆಂಟರ ಮನೆಯಲ್ಲಿರಲಿ. ಮನೆಯೊಳಗೆ ಸ್ಪ್ರೇ ಮಾಡಿಸಬೇಡಿ.

5. ಬಾಗಿಲಿಗೆ ಎದುರಿನ ಗೋಡೆಯಿಂದ ಶುರು ಮಾಡಿ. ಅಂಚಿಗೆ ಬ್ರಶ್, ಬಯಲಿಗೆ ಸಣ್ಣ ರೋಮದ ರೋಲರ್. ಎರಡು ಮೂರು ಹಲಗೆ ಅಗಲದಷ್ಟು ತೆಗೆದುಕೊಂಡು ಆ ತುದಿಯಿಂದ ಈ ತುದಿಯವರೆಗೆ ಮುಗಿಸಿ, ಅಂಚು ಒದ್ದೆಯಿರುವಾಗಲೇ ಮುಂದಿನದು. ಆರುತ್ತಿರುವ ಜಾಗಕ್ಕೆ ಮತ್ತೆ ಕೈ ಹಾಕಬೇಡಿ. ಫ್ಯಾನ್ ಬೇಡ, ಕಿಟಕಿ ಒಂದಿಷ್ಟು ತೆರೆದಿರಲಿ.

6. ಮೊದಲ ಕೋಟಿಗೆ ಮರದ ರೋಮ ಎದ್ದು ನೆಲ ಒರಟಾಗುತ್ತದೆ, ಸಹಜ. ಆರಿದ ಮೇಲೆ 220 ಪೇಪರ್‌ನಿಂದ ಕೈಯಲ್ಲೇ ತೇಲಿಸಿ ಉಜ್ಜಿ, ಬಿಳಿ ಪುಡಿ ಬಂದರೆ ಆರಿದೆ ಎಂದರ್ಥ. ಪೇಪರಿಗೆ ಮುದ್ದೆ ಕಟ್ಟಿದರೆ ಇನ್ನೂ ಕಾಯಿರಿ. ಧೂಳು ಒರೆಸಿ ಮುಂದಿನ ಕೋಟ್.

ಥಿನ್ನರ್ ಇರುವ ಲೇಪವಾದರೆ ಅಡುಗೆಮನೆಯ ಸಿಲಿಂಡರ್ ಬಂದ್ ಮಾಡಿ, ದೇವರ ಮನೆಯ ನಂದಾದೀಪವನ್ನೂ ಅವತ್ತು ಆರಿಸಿಡಿ. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ಪಕ್ಕದ ಕೋಣೆಯ ಬೆಂಕಿ ಹುಡುಕುತ್ತದೆ. ಇನ್ನು ಎಣ್ಣೆ ತಿಕ್ಕಿದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿದರೆ ಯಾರೂ ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ಅಗಸೆ ಎಣ್ಣೆಯಂಥವು ಆರುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಆ ಶಾಖಕ್ಕೆ ದಾರಿಯಿಲ್ಲ. ಬಟ್ಟೆಯನ್ನು ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿಡಿ. ಇದೊಂದನ್ನು ಮೇಸ್ತ್ರಿಗೆ ಬಿಡಬೇಡಿ, ನೀವೇ ನಿಂತು ನೋಡಿ.

ಬಳಿದ ಮೇಲಿನ ದಿನಗಳು

ನೀರಿನ ಪಿಯು ಮೇಲೆ 24 ಗಂಟೆ ಯಾರೂ ಕಾಲಿಡಬಾರದು. ಪೀಠೋಪಕರಣ ಮೂರು ದಿನಕ್ಕೆ, ಎಳೆಯದೆ ಎತ್ತಿಟ್ಟು. ರತ್ನಗಂಬಳಿ, ಒದ್ದೆ ಬಟ್ಟೆ ಎರಡು ವಾರಕ್ಕೆ. ಗೃಹಪ್ರವೇಶದ ಹಿಂದಿನ ವಾರ ನೆಲದ ಪಾಲಿಶ್ ಮಾಡಿಸುವವರು ಹಂದರದ ಕಾಲು, ಬಾಡಿಗೆ ಕುರ್ಚಿ, ಹೋಮದ ಇಟ್ಟಿಗೆ ಎಲ್ಲವನ್ನೂ ಹಸಿ ಪದರದ ಮೇಲೆ ನಿಲ್ಲಿಸುತ್ತಾರೆ. ಒಂದೋ ತಿಂಗಳು ಮುಂಚೆ ಮಾಡಿಸಿ, ಇಲ್ಲವೆ ಸಮಾರಂಭ ಕಳೆಯಲಿ.

ಬಾಗಿಲ ಹೊರಗೊಂದು, ಒಳಗೊಂದು ಕಾಲೊರಸು ಇರಲಿ. ರಬ್ಬರ್ ತಳದ್ದು ಬೇಡ, ಲೇಪದ ಬಣ್ಣ ಕೆಡಿಸುತ್ತದೆ. ಕುರ್ಚಿ ಕಾಲಿಗೆ ಫೆಲ್ಟ್ ಅಂಟಿಸಿ, ಮರಳು ಹಿಡಿದ ಫೆಲ್ಟ್ ಪಾಲಿಶ್ ಪೇಪರೇ ಆಗುವುದರಿಂದ ಮೂರು ನಾಲ್ಕು ತಿಂಗಳಿಗೆ ಬದಲಾಯಿಸಿ. ರಂಗೋಲಿ ಪುಡಿ ಕಲ್ಲಿನ ಪುಡಿ, ಅದರ ಜಾಗ ಹೊಸ್ತಿಲಾಚೆ. ಒರೆಸುವ ಬಟ್ಟೆ ಎಷ್ಟು ಹಿಂಡಿರಬೇಕೆಂದರೆ ಒರೆಸಿದ ಜಾಗ ಒಂದು ನಿಮಿಷದಲ್ಲಿ ಆರಬೇಕು. ಹಾರ್ಡ್‌ವ್ಯಾಕ್ಸ್ ನೆಲಕ್ಕೆ ಅರಿಸಿನ ಬಿದ್ದರೆ ಉಜ್ಜಿ ಉಜ್ಜಿ ಮರ ಕೆಡಿಸಬೇಡಿ. ಬಿಸಿಲು ಬೀಳುವ ಜಾಗವಾದರೆ ಪರದೆ ಸರಿಸಿ ಕೆಲವು ದಿನ ಬಿಡಿ, ಬೆಳಕಿಗೆ ಅರಿಸಿನದ ಬಣ್ಣ ತಾನಾಗಿ ಮಾಸುತ್ತದೆ.

ಪಿಯು ನೆಲದಲ್ಲಿ ಗೀರು ಕಂಡಾಗ ಬೆರಳನ್ನು ನೀರಲ್ಲಿ ಅದ್ದಿ ಸವರಿ. ಗೀರು ಮಾಯವಾದರೆ ಅದು ಲೇಪದಲ್ಲಷ್ಟೇ ಇದೆ. ಒದ್ದೆಯಾದಾಗ ಇನ್ನೂ ಕಪ್ಪಾದರೆ ಮರಕ್ಕೆ ತಲುಪಿದೆ. ವರ್ಷಕ್ಕೆರಡು ಸಲ ಅಡುಗೆಮನೆ ಬಾಗಿಲ ಹಲಗೆಗಳ ಮೇಲೆ ನೀರಿನ ಹನಿ ಪರೀಕ್ಷೆ ಮಾಡಿ. ಹನಿ ನಿಲ್ಲುವುದು ಕಡಿಮೆಯಾಗುತ್ತಿದ್ದಂತೆ, ಮರ ಬೂದಿಯಾಗುವ ಮುಂಚೆಯೇ, 180 ಪೇಪರ್‌ನಲ್ಲಿ ಹೊಳಪು ತೆಗೆಯುವಷ್ಟು ಉಜ್ಜಿ ಒಂದು ಕೋಟ್ ಕೊಡಿಸಿ. ಅದಕ್ಕೂ ಮೊದಲು ಮೂಲೆಯಲ್ಲಿ ಒಂದಡಿ ಜಾಗಕ್ಕೆ ಬಳಿದು ಎರಡು ದಿನ ಬಿಟ್ಟು, ಬ್ಲೇಡಿನಿಂದ ಅಡ್ಡಡ್ಡ ಉದ್ದುದ್ದ ಗೀರಿ, ಟೇಪ್ ಒತ್ತಿ ಜಗ್ಗಿ ಕೀಳಿ. ಟೇಪಿಗೆ ಲೇಪ ಅಂಟಿಕೊಂಡು ಬಂದರೆ ಕೆಳಗೆಲ್ಲೋ ಮೇಣವಿದೆ, ಪೂರ್ತಿ ಉಜ್ಜದೆ ಗತಿಯಿಲ್ಲ.

ಕೆಲಸ ಮುಗಿದ ದಿನವೇ ಡಬ್ಬದ ಹೆಸರು, ಬ್ಯಾಚ್ ಸಂಖ್ಯೆ, ಹೊಳಪಿನ ಬಗೆ, ಎಷ್ಟು ಕೋಟ್, ಯಾವ ತಾರೀಖು ಎಂದು ಒಂದು ಚೀಟಿಯಲ್ಲಿ ಬರೆದು ವಾರ್ಡ್‌ರೋಬ್ ಬಾಗಿಲ ಒಳಗೆ ಅಂಟಿಸಿ. ಐದು ವರ್ಷದ ನಂತರ ಬರುವ ಮೇಸ್ತ್ರಿ ಬೇರೆಯವನಾಗಿರುತ್ತಾನೆ, ಅವನು ಮೊದಲು ಕೇಳುವುದು ಅದನ್ನೇ.